ಅಶೋಕನ ಅಜ್ಜ ಚಂದ್ರಗುಪ್ತ ಮುನಿ

ರಾಯಚೂರು ಜಿಲ್ಲೆಯಲ್ಲಿ ಲಿಂಗಸೂಗೂರಿನಿಂದ ಸಿಂಧನೂರಿಗೆ ಹೋಗುವ ಮಾರ್ಗದಲ್ಲಿ ಮಸ್ಕಿ ಎಂಬ ಊರಿದೆ. ಅಲ್ಲಿಯ ಬಂಡೆಯ ಮೇಲಿನ ಪ್ರಾಕೃತ ಶಾಸನವು 1915ರಲ್ಲಿ ಬೆಳಕಿಗೆ ಬಂದಾಗ, ದೇವಾನಾಂಪ್ರಿಯನೆಂಬ ಬಿರುದಿನ ಮರೆಯಲ್ಲಿದ್ದ ಅರಸನು ಅಶೋಕನೇ ಎಂಬುದು ಅವನ ಹೆಸರಿನಿಂದಲೇ ನಿಶ್ಚಿತವಾಯಿತು. ಬೌದ್ಧ ಉಪಾಸಕನಾದ ಮೊಮ್ಮಗನ ಹೆಸರು ಹೀಗೆ ಕನ್ನಡ ನಾಡಿನ ಕಲ್ಲಿನಲ್ಲಿ ಉಳಿಯಿತು. ಅವನ ಅಜ್ಜನಾದರೋ ಇದೇ ನಾಡಿನ ಇನ್ನೊಂದು ಬೆಟ್ಟದ ಮೇಲೆ ರಾಜನಾಮವನ್ನೂ ಕೊನೆಗೆ ದೇಹವನ್ನೂ ತ್ಯಜಿಸಿದನೆಂದು ದಿಗಂಬರ ಪರಂಪರೆ ಹೇಳುತ್ತದೆ. ಆತನೇ ಚಂದ್ರಗುಪ್ತ ಮೌರ್ಯ.

ಸುಮಾರು ಕ್ರಿ.ಪೂ. 321ರಲ್ಲಿ ಚಾಣಕ್ಯನ ನೆರವಿನಿಂದ ನಂದರನ್ನು ಗೆದ್ದು ಪಾಟಲಿಪುತ್ರದಲ್ಲಿ ಸಿಂಹಾಸನವೇರಿದ ಚಂದ್ರಗುಪ್ತನು, ಗ್ರೀಕ್ ದೊರೆ ಸೆಲ್ಯೂಕಸನೊಡನೆ ಒಪ್ಪಂದ ಮಾಡಿಕೊಂಡು 500 ಆನೆಗಳನ್ನು ಕೊಟ್ಟು ವಾಯವ್ಯದ ಪ್ರಾಂತಗಳನ್ನು ಪಡೆದನು. ಇಂಥವನ ಮನೆಯೊಳಗೂ ದುಃಖವಿತ್ತು. ಶ್ವೇತಾಂಬರ ಆಚಾರ್ಯ ಹೇಮಚಂದ್ರರ ಪರಿಶಿಷ್ಟಪರ್ವದ ಕಥೆಯಂತೆ, ಶತ್ರುಗಳ ವಿಷವು ಅರಸನಿಗೆ ತಾಗದಿರಲೆಂದು ಚಾಣಕ್ಯನು ಅವನ ಊಟದಲ್ಲಿ ಅಲ್ಪಸ್ವಲ್ಪ ವಿಷವನ್ನು ಬೆರೆಸಿ ರೂಢಿ ಮಾಡಿಸಿದ್ದನು. ಇದನ್ನರಿಯದ ತುಂಬು ಗರ್ಭಿಣಿ ರಾಣಿ ದುರ್ಧರೆ ಪತಿಯೊಡನೆ ಉಂಡು ಮೃತಳಾದಳು. ಉಳಿದ ಶಿಶುವೇ ಬಿಂದುಸಾರ. ಪತಿಯನ್ನು ಕಾಯಬೇಕಾಗಿದ್ದ ಅನ್ನವೇ ಪತ್ನಿಯನ್ನು ಕೊಂದಿತು.

ಮುಂದೆ ಚಂದ್ರಗುಪ್ತನು ಹದಿನಾರು ಸ್ವಪ್ನಗಳನ್ನು ಕಂಡನು. ಶ್ರುತಕೇವಲಿ ಭದ್ರಬಾಹುಗಳು ಅವುಗಳ ಫಲವನ್ನು ತಿಳಿಸಿದರು. ಉತ್ತರಾಪಥಕ್ಕೆ ಹನ್ನೆರಡು ವರ್ಷಗಳ ಕ್ಷಾಮ ಬರಲಿದೆಯೆಂದೂ ನುಡಿದರು. ಅರಸನು ಮಗನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ಪಡೆದನು. ಮುಕುಟಧಾರಿಗಳಲ್ಲಿ ಜಿನದೀಕ್ಷೆ ಪಡೆದ ಕಡೆಯವನು ಇವನೇ ಎಂದು ತಿಲೋಯಪಣ್ಣತ್ತಿ ಹೇಳುತ್ತದೆ.

ಸಂಘವು ದಕ್ಷಿಣಕ್ಕೆ ಬಂದಾಗ ಭದ್ರಬಾಹುಗಳು ತಮ್ಮ ಅಂತ್ಯಕಾಲವನ್ನರಿತು ಕಟವಪ್ರದಲ್ಲಿ, ಅಂದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ನಿಂತರು. ಉಳಿದ ಮುನಿಗಳನ್ನು ವಿಶಾಖಾಚಾರ್ಯರೊಡನೆ ಮುಂದೆ ಕಳುಹಿಸಿದರು. ಚಂದ್ರಗುಪ್ತ ಮುನಿಗಳೊಬ್ಬರೇ ಗುರುಸೇವೆಗೆ ಉಳಿದರು.

ಶ್ರಾವಕರಿಲ್ಲದ ಆ ಕಾಡಿನಲ್ಲಿ ಆಹಾರ ದೊರೆಯುವುದೆಂತು? ಗುರುವಿನ ಆಜ್ಞೆಯಂತೆ ಅವರು ಚರ್ಯೆಗೆ ಹೊರಟರು. ಒಮ್ಮೆ ಮರದ ಮರೆಯಿಂದ ಕೈಯೊಂದು ಮಾತ್ರ ಚಾಚಿ ಅನ್ನ ನೀಡಿತು. ದಾತಾರನು ಕಾಣದ ದಾನವನ್ನು ಸ್ವೀಕರಿಸಬಾರದೆಂದು ಅವರು ಉಪವಾಸದಿಂದಲೇ ಹಿಂದಿರುಗಿದರು. ಮತ್ತೊಮ್ಮೆ ಒಬ್ಬಂಟಿ ಸ್ತ್ರೀ ಆಹಾರ ನೀಡಲು ಬಂದಳು. ಅದೂ ವಿಧಿಯಲ್ಲವೆಂದು ಮರಳಿದರು. ಗುರುಗಳು ಸಂತೋಷಪಟ್ಟರು. ಕೊನೆಗೆ ಕಾಡಿನಲ್ಲಿ ಕಂಡ ನಗರವೊಂದರಲ್ಲಿ ಶ್ರಾವಕರು ವಿಧಿವತ್ತಾಗಿ ನೀಡಿದ ಆಹಾರವನ್ನು ಸ್ವೀಕರಿಸಿದರು. ವರ್ಷಗಳ ತರುವಾಯ ಮರಳಿದ ಸಂಘವೂ ಅಲ್ಲಿಯೇ ಆಹಾರ ಪಡೆಯಿತು. ಒಬ್ಬ ಮುನಿ ಮರೆತ ಕಮಂಡಲುವನ್ನು ತರಲು ಹೋದರೆ ನಗರವೇ ಇರಲಿಲ್ಲ. ಕಮಂಡಲುವು ಮರದ ಕೊಂಬೆಯಲ್ಲಿ ತೂಗುತ್ತಿತ್ತು. ಅದು ವನದೇವತೆಗಳ ಸೃಷ್ಟಿಯೆಂದು ತಿಳಿದೊಡನೆ ಎಲ್ಲರೂ ಪ್ರಾಯಶ್ಚಿತ್ತ ಕೈಗೊಂಡರು. ಅರಿಯದೆ ಉಂಡ ಅನ್ನಕ್ಕೂ ಅವರು ಲೆಕ್ಕ ಒಪ್ಪಿಸಿದರು.

ಗುರುಗಳ ಸಮಾಧಿಯ ಬಳಿಕ ಚಂದ್ರಗುಪ್ತ ಮುನಿಗಳು ಅವರ ಪಾದಗಳನ್ನು ಆರಾಧಿಸುತ್ತ ಅಲ್ಲಿಯೇ ಉಳಿದು, ಕಡೆಗೆ ಸಲ್ಲೇಖನದಿಂದ ದೇಹವನ್ನು ಬಿಟ್ಟರು. ಸುಮಾರು ಕ್ರಿ.ಶ. 600ರ ಅಲ್ಲಿಯ ಶಾಸನವು ಕ್ಷಾಮದ ಭವಿಷ್ಯವನ್ನೂ ಸಂಘದ ಪ್ರಯಾಣವನ್ನೂ ಹೇಳಿ ಪ್ರಭಾಚಂದ್ರರ ಸಮಾಧಿಯನ್ನು ದಾಖಲಿಸಿದೆ. ಅದು ಚಂದ್ರಗುಪ್ತರ ದೀಕ್ಷಾನಾಮವೆಂದು ಪರಂಪರೆ ನಂಬಿದೆ. ಇಂದು ಆ ಬೆಟ್ಟವೇ ಚಂದ್ರಗಿರಿ. ಅಲ್ಲಿಯ ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ದಾಸೋಜನು ಗುರುಶಿಷ್ಯರ ಚರಿತೆಯನ್ನು ಕಡೆದಿದ್ದಾನೆ.

ದೇವಚಂದ್ರನ ರಾಜಾವಳೀಕಥೆ ಮಗನನ್ನು ಸಿಂಹಸೇನನೆಂದೂ ಮೊಮ್ಮಗನನ್ನು ಭಾಸ್ಕರನೆಂದೂ ಕರೆಯುತ್ತದೆ. ಆ ಮೊಮ್ಮಗನು ಪರಿವಾರದೊಡನೆ ಬೆಳಗೊಳಕ್ಕೆ ಬಂದು ಅಜ್ಜನಿಗೆ ವಂದಿಸಿ ಚೈತ್ಯಾಲಯಗಳನ್ನು ಕಟ್ಟಿಸಿದನಂತೆ. ಸಾಮ್ರಾಜ್ಯ ತೊರೆದ ಅಜ್ಜನ ಬಳಿಗೆ ಸಾಮ್ರಾಜ್ಯವಾಳುವ ಮೊಮ್ಮಗ ಬಂದನೆಂಬುದೇ ಈ ಕಥೆಯ ಹೃದಯ.

ಕ್ಷಾಮದ ಹಸಿವು ಎಲ್ಲರಿಗೂ ಬರುತ್ತದೆ, ಅದು ವ್ರತವಲ್ಲ. ಎದುರಿಗೆ ಅನ್ನವಿದ್ದೂ ವಿಧಿಗಾಗಿ ಹಿಂದಿರುಗಿದ ಹಸಿವು ವ್ರತ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಕೈಗೊಳ್ಳುವ ಗೃಹಸ್ಥರು ಮನೆಯ ಮಕ್ಕಳಿಗೂ ಮೊಮ್ಮಕ್ಕಳಿಗೂ ಈ ಭೇದವನ್ನು ತಿಳಿಸಿಕೊಟ್ಟರೆ ಆ ಮಹಾಮುನಿಯ ಸ್ಮರಣೆ ಸಾರ್ಥಕ.