ಕಾರಂಜಿ ಕಟ್ಟಿ ದಿವಾಳಿಯಾದ ಶಿಲ್ಪಿ

ಊರಿನಿಂದ ಅಪ್ಪ ಅಮ್ಮ ಬಂದರೆ ನಾವು ತಪ್ಪದೆ ಕರೆದೊಯ್ಯುವ ಜಾಗಗಳಲ್ಲಿ ಲಂಡನ್ನಿನ ಪಿಕಾಡಿಲಿ ಸರ್ಕಸ್ ಒಂದು. ಅಲ್ಲಿನ ಕಂಚಿನ ಕಾರಂಜಿಯ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳದವರು ವಿರಳ. ತುದಿಯಲ್ಲಿ ಬಿಲ್ಲು ಹಿಡಿದು ಒಂಟಿಕಾಲಲ್ಲಿ ನಿಂತ ರೆಕ್ಕೆಯ ಹುಡುಗ ಎಲ್ಲರಿಗೂ ಗೊತ್ತು. ಅವನನ್ನು ಮಾಡಿದ ಶಿಲ್ಪಿ ಆಲ್‌ಫ್ರೆಡ್ ಗಿಲ್ಬರ್ಟ್ ಗೊತ್ತಿರುವುದು ಕೆಲವರಿಗೆ ಮಾತ್ರ.

ಗಿಲ್ಬರ್ಟ್ 1854ರಲ್ಲಿ ಲಂಡನ್ನಿನಲ್ಲಿ ಸಂಗೀತಗಾರರ ಮನೆಯಲ್ಲಿ ಹುಟ್ಟಿದ. ಪ್ಯಾರಿಸ್ಸಿನಲ್ಲಿ ಶಿಲ್ಪ ಕಲಿತು ಇಟಲಿಗೆ ಹೋದಾಗ, ಮೇಣದ ಅಚ್ಚಿನಿಂದ ಕಂಚು ಎರೆಯುವ ಹಳೆಯ ವಿದ್ಯೆಗೆ ಮನಸೋತ. ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿದಾಗ ಮೇಣ ಕರಗಿ ಹರಿದ ಜಾಗಕ್ಕೆ ಕರಗಿದ ಲೋಹ ಸುರಿಯುವ ಕ್ರಮವಿದು. ನಮ್ಮ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲೂ ಇದರ ವಿವರಣೆ ಇದೆ. ಇಂಗ್ಲೆಂಡಿನಲ್ಲಿ ಈ ವಿದ್ಯೆಗೆ ಮರುಜೀವ ಕೊಟ್ಟವರಲ್ಲಿ ಗಿಲ್ಬರ್ಟ್ ಪ್ರಮುಖ.

ಗಣಿ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಪರವಾಗಿ ಹೋರಾಡಿದ ಶಾಫ್ಟ್ಸ್‌ಬರಿ ಪ್ರಭು 1885ರಲ್ಲಿ ತೀರಿಕೊಂಡರು. ಅವರ ಸ್ಮಾರಕದ ಕೆಲಸ ಗಿಲ್ಬರ್ಟನಿಗೆ ಬಂತು. ಕೋಟು ತೊಟ್ಟು ನಿಂತ ಮಾಮೂಲಿ ಪ್ರತಿಮೆ ಈತನಿಗೆ ಹಿಡಿಸಲಿಲ್ಲ. ದಾರಿಹೋಕರಿಗೆ ನೀರು ಕೊಡುವ ಕಾರಂಜಿಯೇ ಅಂಥ ಧರ್ಮಾತ್ಮನಿಗೆ ತಕ್ಕ ನೆನಪು ಎಂದು ಬಗೆದು, ಮೀನು ಮತ್ತು ಜಲಚರಗಳ ಕಂಚಿನ ಕಾರಂಜಿ ರೂಪಿಸಿದ. ಅದರ ತುದಿಗೆ, ಆಗ ಹೊಸ ಲೋಹವಾಗಿದ್ದ ಅಲ್ಯೂಮಿನಿಯಂನಲ್ಲಿ, ನಿಸ್ವಾರ್ಥ ಪ್ರೇಮದ ದೇವತೆ ಆಂಟೆರೋಸ್‌ನನ್ನು ನಿಲ್ಲಿಸಿದ. ಜನ ಮಾತ್ರ ಅವನನ್ನು ಅವನ ಅಣ್ಣ, ಕಾಮದೇವ ಈರೋಸ್‌ನ ಹೆಸರಿನಿಂದಲೇ ಕರೆದರು.

1893ರ ಜೂನಿನಲ್ಲಿ ಸ್ಮಾರಕದ ಉದ್ಘಾಟನೆಯಾಯಿತು. ಗಿಲ್ಬರ್ಟನಿಗೆ ಗೊತ್ತುಮಾಡಿದ್ದ ಹಣ 3,000 ಪೌಂಡ್. ತಗುಲಿದ ಖರ್ಚು ಸುಮಾರು 7,000. ಮಿಕ್ಕಿದ್ದು ಆತನ ತಲೆಗೇ ಬಂತು. ತೊಟ್ಟಿ ಆತ ಬಯಸಿದಷ್ಟು ದೊಡ್ಡದಾಗಲಿಲ್ಲ, ನೀರು ದಾರಿಹೋಕರ ಮೇಲೆ ಸಿಡಿಯಿತು. ಸರಪಳಿ ಕಟ್ಟಿದ್ದ ಲೋಟಗಳನ್ನೂ ಕಳ್ಳರು ಬಿಡಲಿಲ್ಲ.

ಎಲ್ಲ ತಪ್ಪೂ ಲೋಕದ್ದೇ ಅಲ್ಲ. ಲೆಕ್ಕಪತ್ರ ಈತನಿಗೆ ಒಲಿಯದ ವಿದ್ಯೆ. ಒಪ್ಪಿಕೊಂಡ ಕೆಲಸ ಮನಸ್ಸಿಗೆ ಬರುವವರೆಗೂ ಕೈಬಿಡುತ್ತಿರಲಿಲ್ಲ, ಹಣ ಕೊಟ್ಟವರು ಕಾಯುತ್ತಲೇ ಇದ್ದರು. 1892ರಲ್ಲಿ ಒಪ್ಪಿಕೊಂಡಿದ್ದ ರಾಜಕುಮಾರ ಕ್ಲಾರೆನ್ಸನ ಸಮಾಧಿಯೂ ಅರ್ಧಕ್ಕೆ ನಿಂತಿತು. 1901ರಲ್ಲಿ ದಿವಾಳಿಯಾದ ಗಿಲ್ಬರ್ಟ್, ತನ್ನ ಎಷ್ಟೋ ಮಾದರಿಗಳನ್ನು ಒಡೆದುಹಾಕಿ ಬೆಲ್ಜಿಯಂನ ಬ್ರೂಜ್ ನಗರ ಸೇರಿದ. 1908ರಲ್ಲಿ ರಾಯಲ್ ಅಕಾಡೆಮಿಯ ಸದಸ್ಯತ್ವವೂ ಹೋಯಿತು.

ಕಾಲು ಶತಮಾನದ ಪರದೇಶವಾಸದ ನಂತರ, 1926ರಲ್ಲಿ, 70 ದಾಟಿದ ಮುದುಕ ಲಂಡನ್ನಿಗೆ ಮರಳಿದ. 1928ರಲ್ಲಿ ಆ ಸಮಾಧಿಯನ್ನು ಮುಗಿಸಿ ಹಳೆಯ ಮಾತು ಉಳಿಸಿಕೊಂಡ. 1932ರಲ್ಲಿ ರಾಣಿ ಅಲೆಕ್ಸಾಂಡ್ರಾ ಸ್ಮಾರಕ ಪೂರ್ಣವಾಯಿತು, 'ಸರ್' ಪದವಿ ಬಂತು, ಅಕಾಡೆಮಿಯೂ ಮತ್ತೆ ಬರಮಾಡಿಕೊಂಡಿತು. 1934ರಲ್ಲಿ ಕಣ್ಣು ಮುಚ್ಚಿದ.

ಹತ್ತು ಜನರಿಗಾಗುವ ಕೆಲಸಕ್ಕೆ ಕೈಯಿಂದ ಹಣ ಹಾಕುವುದು ಏನೆಂದು ಸಂಘ ಕಟ್ಟಿದವರಿಗೆ ಗೊತ್ತು. ಮುಂದಿನ ಸಲ ಆ ಮೆಟ್ಟಿಲ ಮೇಲೆ ಕೂತಾಗ, ಮಕ್ಕಳಿಗೆ ಗಿಲ್ಬರ್ಟನ ಹೆಸರನ್ನೂ ಹೇಳೋಣ.