ತಮ್ಮ ಮನಸ್ಸಿಗೆ ಕಿವಿಗೊಟ್ಟ ಸಂತ ಇಗ್ನಾಸಿ

ಪ್ರತಿ ವರ್ಷ ಜುಲೈ 31ರಂದು ನಾವು ಲೊಯೋಲದ ಸಂತ ಇಗ್ನಾಸಿಯವರ ಹಬ್ಬವನ್ನು ಆಚರಿಸುತ್ತೇವೆ. ಯೇಸುಸಭೆಯ ಸ್ಥಾಪಕರೆಂದು ಅವರು ನಮಗೆಲ್ಲ ಪರಿಚಿತರು. ಮಂಗಳೂರಿನ ಸಂತ ಅಲೋಶಿಯಸ್, ಬೆಂಗಳೂರಿನ ಸಂತ ಜೋಸೆಫ್ ವಿದ್ಯಾಸಂಸ್ಥೆಗಳನ್ನು ನಡೆಸುತ್ತಿರುವವರು ಅವರ ಸಭೆಯ ಗುರುಗಳೇ. ಆದರೆ ಈ ಸಂತರು ತಮ್ಮ ಮನಸ್ಸನ್ನು ಅರಿಯಲು, ದೇಹವನ್ನು ಕಾಪಾಡಿಕೊಳ್ಳಲು ಎಷ್ಟು ಕಷ್ಟಪಟ್ಟು ಕಲಿತರೆಂಬುದು ಹೆಚ್ಚು ಮಂದಿಗೆ ತಿಳಿಯದು.

ಇಗ್ನಾಸಿ ಹುಟ್ಟಿದ್ದು 1491ರಲ್ಲಿ, ಸ್ಪೇನ್ ದೇಶದ ಲೊಯೋಲದ ಕುಲೀನ ಮನೆತನವೊಂದರಲ್ಲಿ. ಯೌವನದಲ್ಲಿ ಅವರಿಗೆ ಕತ್ತಿ, ಕೀರ್ತಿ, ಒಳ್ಳೆಯ ಉಡುಪು ಇವುಗಳದೇ ಹಂಬಲ. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗುಲಿ ಅವರ ಕಾಲು ಮುರಿಯಿತು. ಮೂಳೆ ಸರಿಯಾಗಿ ಕೂಡದೆ ಮೊಣಕಾಲಿನ ಕೆಳಗೆ ಗುಬುಟಾಗಿ ನಿಂತಾಗ, ಕಾಲು ಅಂದಗೆಟ್ಟಿತೆಂದು ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಅರಿವಳಿಕೆಯೇ ಇಲ್ಲದ ಕಾಲವದು!

ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ಓದಲು ಅವರಿಗೆ ಸಿಕ್ಕಿದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಒಮ್ಮೆ ಮನಸ್ಸು ವೀರರ ಸಾಹಸ, ರಾಜಮನೆತನದ ಒಬ್ಬ ಸ್ತ್ರೀಯ ಮೆಚ್ಚುಗೆ ಎಂದು ಗಂಟೆಗಟ್ಟಲೆ ಅಲೆಯುತ್ತಿತ್ತು. ಇನ್ನೊಮ್ಮೆ ಸಂತರಂತೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗಬೇಕೆನಿಸುತ್ತಿತ್ತು. ಯೋಚಿಸುವಾಗ ಎರಡೂ ಸುಖವಾಗಿಯೇ ಇದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು. ಎರಡನೆಯದರ ಸಂತೋಷ ಆಮೇಲೂ ಉಳಿಯುತ್ತಿತ್ತು. ಈ ಸಣ್ಣ ವ್ಯತ್ಯಾಸವನ್ನು ಅವರು ಗಮನಿಸಿದರು. ಅವರ ಹೊಸ ಬದುಕು ಶುರುವಾದದ್ದು ಅಲ್ಲಿಂದಲೇ.

ಆದರೂ ದಾರಿ ಸುಗಮವಾಗಿರಲಿಲ್ಲ. 1522ರಲ್ಲಿ ಮನ್ರೇಸಾ ಎಂಬ ಊರಿಗೆ ಬಂದವರು ದಿನಕ್ಕೆ ಏಳು ಗಂಟೆ ಪ್ರಾರ್ಥಿಸಿದರು, ಭಿಕ್ಷೆ ಬೇಡಿ ಉಂಡರು, ಕೂದಲು ಉಗುರುಗಳನ್ನು ಕತ್ತರಿಸದೆ ಬಿಟ್ಟರು. ಹಳೆಯ ಪಾಪಗಳನ್ನು ನಿವೇದಿಸಿದಷ್ಟೂ ಇನ್ನೇನೋ ಉಳಿದಿದೆ ಎಂಬ ಅಳುಕು ಕಾಡಿತು. ಪ್ರಾಣ ಕಳೆದುಕೊಳ್ಳುವ ಪ್ರೇರಣೆಯೂ ಪದೇ ಪದೇ ಬಂತು. ಶಾಂತಿ ಸಿಗುವವರೆಗೆ ಉಣ್ಣುವುದಿಲ್ಲವೆಂದು ಒಂದು ವಾರ ನಿರಾಹಾರವಾಗಿದ್ದರು. ಆ ವಿಷಯವನ್ನು ಪಾಪನಿವೇದನೆಯಲ್ಲಿ ಹೇಳಿದಾಗ, ಉಪವಾಸ ಬಿಡಬೇಕೆಂದು ಗುರುಗಳು ಆಜ್ಞಾಪಿಸಿದರು. ಇಗ್ನಾಸಿ ವಿಧೇಯರಾದರು. ಕೆಲವು ದಿನಗಳಲ್ಲಿ, ಈ ಅಳುಕು ತಮ್ಮನ್ನು ದೇವರಿಂದ ದೂರ ಎಳೆಯುತ್ತಿದೆಯೆಂದು ಅವರಿಗೆ ಹೊಳೆಯಿತು. ಹಳೆಯದನ್ನು ಕೆದಕುವುದನ್ನು ನಿಲ್ಲಿಸಿದರು. ಕೂದಲು ಉಗುರು ಕತ್ತರಿಸಿಕೊಂಡರು. ಆದರೆ ಹೊಟ್ಟೆನೋವು ಮಾತ್ರ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

1540ರಲ್ಲಿ ಮೂರನೆಯ ಪೌಲ್ ಜಗದ್ಗುರುಗಳು ಯೇಸುಸಭೆಗೆ ಅನುಮೋದನೆ ನೀಡಿದರು. ಸಭೆಯ ಮುಖ್ಯಸ್ಥರಾದ ಇಗ್ನಾಸಿ ಇತರರ ಆರೋಗ್ಯವನ್ನು ತಾಯಿಯಂತೆ ವಿಚಾರಿಸುತ್ತಿದ್ದರು. ಗಾಂಡಿಯಾದ ಡ್ಯೂಕ್ ಫ್ರಾನ್ಸಿಸ್ ಬೋರ್ಜಿಯಾ ಕಠಿಣ ಉಪವಾಸದಿಂದ ಸೊರಗಿದಾಗ, 1548ರಲ್ಲಿ ಪತ್ರ ಬರೆದು, ತಪಸ್ಸನ್ನು ಕಡಿಮೆ ಮಾಡಿ ಹೊಟ್ಟೆಗೆ ಬೇಕಾದಷ್ಟು ಉಣ್ಣುವಂತೆ ತಿಳಿಸಿದರು. ಆತ್ಮದಂತೆ ದೇಹವೂ ದೇವರದೇ, ಅದರ ಲೆಕ್ಕವನ್ನೂ ಒಪ್ಪಿಸಬೇಕು ಎಂಬುದು ಆ ಪತ್ರದ ತಿರುಳು. 1556ರಲ್ಲಿ ಅವರು ರೋಮಿನಲ್ಲಿ ನಿಧನರಾದರು. 1622ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಪ್ರಿಯ ಓದುಗರೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮ ಮನೆಗಳಲ್ಲೂ ಇಂಥ ಹೋರಾಟಗಳಿವೆ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಂಡು ಮಲಗುವ ತಾಯಿ ಅದನ್ನೇ ತ್ಯಾಗವೆಂದುಕೊಳ್ಳುತ್ತಾಳೆ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಹೊಲ ನೋಡಿ ಬಂದ ಮನೆಯ ಯಜಮಾನ ಮಾತು ಬಿಡುತ್ತಾನೆ, ಇಲ್ಲವೇ ಮಕ್ಕಳ ಮೇಲೆ ರೇಗುತ್ತಾನೆ. ಅದು ಸಿಟ್ಟಲ್ಲ, ಸಾಲದ ಭಯ ಎಂದು ಅವನಿಗೇ ತಿಳಿದಿರುವುದಿಲ್ಲ.

ಇಗ್ನಾಸಿಯವರು ಕಲಿಸಿದ ಆತ್ಮಶೋಧನೆಗೆ ಹೆಚ್ಚು ಸಮಯ ಬೇಡ. ರಾತ್ರಿ ಜಪಸರವಾದ ಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ದಿನದ ಒಳಿತಿಗಾಗಿ ದೇವರಿಗೆ ಕೃತಜ್ಞತೆ ಹೇಳಿ, ಬೆಳಕನ್ನು ಬೇಡಿ. ಯಾವಾಗ ಮನಸ್ಸು ಹಗುರಾಯಿತು, ಯಾವಾಗ ಕುಸಿಯಿತು ಎಂದು ನೆನೆಯಿರಿ. ತಪ್ಪಿಗೆ ಕ್ಷಮೆ ಕೇಳಿ, ನಾಳೆಗೊಂದು ಸಣ್ಣ ನಿರ್ಧಾರ ಮಾಡಿ. ನಾಳೆ ಮಕ್ಕಳೊಂದಿಗೆ ಕುಳಿತೇ ಉಣ್ಣುತ್ತೇನೆ ಎಂಬುದೂ ಒಳ್ಳೆಯ ನಿರ್ಧಾರವೇ. ಮನಸ್ಸಿನ ಭಾರ ಹೊರಲಾರದಷ್ಟಾದರೆ ಒಬ್ಬರೇ ನರಳಬೇಡಿ. ಮನೆಯವರಿಗೆ, ಗುರುಗಳಿಗೆ, ವೈದ್ಯರಿಗೆ ತಡಮಾಡದೆ ಹೇಳಿಕೊಳ್ಳಿ. ಮನ್ರೇಸಾದಲ್ಲಿ ಇಗ್ನಾಸಿಯವರನ್ನು ಉಳಿಸಿದ್ದು, ಅವರು ಬಾಯಿಬಿಟ್ಟು ಹೇಳಿಕೊಂಡ ಆ ಮಾತು.