ಆಂಡರ್ಸನ್ ಕೈಲಿದ್ದದ್ದು ದೂರ ಹೊಡೆಯೋ ಕೋವಿ ಅಲ್ಲ

ಮದ್ದೂರು, ಮಳವಳ್ಳಿ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಾಗಲೆಲ್ಲ ಎರಡು ಮಾತು ಏಳುತ್ತವೆ. ಒಂದು, ಬೋನು ಇಡಿ. ಇನ್ನೊಂದು, ನಮ್ಮ ಕೈಗೆ ಒಳ್ಳೆ ಕೋವಿ ಕೊಡಿ, ನಾವೇ ನೋಡ್ಕೋತೀವಿ. ಎರಡನೇ ಮಾತಿಗೆ ಈಗ ಮೊಬೈಲ್ ವಿಡಿಯೊಗಳ ಬಲವೂ ಇದೆ. ಅಮೆರಿಕದಲ್ಲಿ ನಮ್ಮ ನರಿಯ ನೆಂಟ ಕೊಯೋಟೆಯನ್ನು ಮುನ್ನೂರು, ನಾನೂರು ಗಜ ದೂರದಿಂದ ಉರುಳಿಸುವ ವಿಡಿಯೊಗಳು. ಮೂರ್ನಾಲ್ಕು ಗ್ರಾಂ ತೂಕದ ಸಣ್ಣ ಗುಂಡು, ಸೆಕೆಂಡಿಗೆ 3000 ಅಡಿಗೂ ಮೀರಿದ ವೇಗ, ಮೇಲೊಂದು ದುರ್ಬೀನು. ನೋಡಿದವರಿಗೆ ಇಷ್ಟೇನಾ ಅನ್ನಿಸುತ್ತೆ.

ಕೆನೆತ್ ಆಂಡರ್ಸನ್ ಬದುಕನ್ನು ಈ ಕಡೆಯಿಂದ ಒಮ್ಮೆ ನೋಡಬೇಕು.

ಕನ್ನಡಿಗರಿಗೆ ಈತ ಆಪ್ತನಾದದ್ದು ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ. ಮಾಗಡಿ ಚಿರತೆ, ಪೆದ್ದ ಚೆರುವಿನ ರಾಕ್ಷಸ ಎಲ್ಲ ಮೂಲತಃ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದವು. ಹುಟ್ಟಿದ್ದು 1910ರಲ್ಲಿ, ಹೈದರಾಬಾದ್ ಬಳಿಯ ಬೊಲಾರಂನಲ್ಲಿ. ತಲೆಮಾರುಗಳಿಂದ ಇಲ್ಲೇ ನೆಲೆಸಿದ್ದ ಸ್ಕಾಟಿಷ್ ಮನೆತನ. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ ಕಾಲೇಜು. ಲಾ ಓದಲಿ ಅಂತ ಎಡಿನ್‌ಬರೊಗೆ ಕಳಿಸಿದರೆ ಅರ್ಧಕ್ಕೇ ಬಿಟ್ಟು ವಾಪಸ್ ಬಂದ. ಅಂಚೆ-ತಂತಿ ಇಲಾಖೆ, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆ. ಅಂದರೆ ಸಂಬಳದ ಮನುಷ್ಯ, ರಜೆ ಹಾಕಿ ಕಾಡಿಗೆ ಹೋಗುತ್ತಿದ್ದವನು. ಆನೆ ಮೇಲೆ ಕೂತು, ನೂರು ಜನ ಸೋಹು ಹೊಡೆದು ಎಬ್ಬಿಸಿದ ಹುಲಿಯನ್ನು ಕೊಲ್ಲುವ ಮಹಾರಾಜರ ಸಾಲಿನವನಲ್ಲ. ಕನ್ನಡ, ತಮಿಳು ಬರುತ್ತಿತ್ತು. ಊರ ಜನ ಏನು ಕಂಡರು, ಎಲ್ಲಿ ಕಂಡರು ಅಂತ ತಾನೇ ಕೇಳಿ ತಿಳಿಯುತ್ತಿದ್ದ.

ಆತನ ಸೀಮೆ ನಮಗೆ ದೂರದ್ದಲ್ಲ. ಮದ್ದೂರು ದಾಟಿದ ಶಿಂಷಾ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ಸೇರುತ್ತಾಳೆ. ಕಾವೇರಿ ಮುತ್ತತ್ತಿ ಹಾದು ಕನಕಪುರದ ಸಂಗಮಕ್ಕೆ, ಅಲ್ಲಿಂದ ಮೇಕೆದಾಟು, ಆಮೇಲೆ ತಮಿಳುನಾಡಿನ ಬೆಟ್ಟಗಳು. ಈ ಕಣಿವೆಯ ಉದ್ದಕ್ಕೂ ಆಂಡರ್ಸನ್ ಓಡಾಡಿದ. ಸಂಗಮದ ಚಿರತೆ ಮೇಲೇ ಒಂದು ಕತೆ ಇದೆ.

ಈ ಕಾಡಿಗೆ ಆತ ನೆಚ್ಚಿದ್ದು ಪಾಯಿಂಟ್ 405 ವಿಂಚೆಸ್ಟರ್, 1895ರ ಮಾಡೆಲ್. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಗೆ ಒಯ್ದಿದ್ದೂ ಇದೇ ಜಾತಿಯ ರೈಫಲ್ಲು. ಗುಂಡು ಸುಮಾರು 19 ಗ್ರಾಂ, ಮೂತಿ ಮೊಂಡು, ವೇಗ ಸೆಕೆಂಡಿಗೆ 2200 ಅಡಿಯಷ್ಟು. ಇನ್ನೂರು ಗಜ ದಾಟಿದರೆ ಗುಂಡು ಬೇಗ ಕೆಳಗಿಳಿಯುತ್ತೆ. ದೂರದ ಬೇಟೆಗೆ ಇದು ಕೆಲಸಕ್ಕೆ ಬಾರದ ಸಾಮಾನು. ಆದರೆ ಲಂಟಾನ ಪೊದೆಯಲ್ಲಿ ಪ್ರಾಣಿ ಕಾಣೋದೇ ಇಪ್ಪತ್ತು ಮೂವತ್ತು ಗಜದಲ್ಲಿ. ಅಲ್ಲಿ ಬೇಕಾದ್ದು ತೂಕದ ಹೊಡೆತ, ಜತೆಗೆ ಕೋವಿಯನ್ನು ಭುಜದಿಂದ ಇಳಿಸದೆ ಲಿವರ್ ಎಳೆದು ಎರಡನೇ ಗುಂಡು ಹಾರಿಸುವ ಅನುಕೂಲ. ಉಳಿದ ಸರಂಜಾಮು ಕೇಳಿದರೆ ಈಗಿನ ಹುಡುಗರು ನಗಬಹುದು: ರೈಫಲ್ಲಿಗೆ ಕಟ್ಟಿದ ಟಾರ್ಚು, ಕಂಬಳಿ, ಫ್ಲಾಸ್ಕಿನಲ್ಲಿ ಟೀ, ಮರಕ್ಕೆ ಕಟ್ಟಿ ಕೂರೋಕೆ ಒಂದು ಮಂಚ. ಮಿಕ್ಕಿದ್ದೆಲ್ಲ ಕಾಯುವ ತಾಳ್ಮೆ.

ಇನ್ನೊಂದು ಇತ್ತು, ಅದಕ್ಕೆ ಅಂಗಡಿಯಲ್ಲಿ ಬೆಲೆ ಇಲ್ಲ. ಬೈರ. ಚಿನ್ನಾರ್ ಹೊಳೆ ಕಡೆಯ ಪೂಜಾರಿ ಬುಡಕಟ್ಟಿನವನು, ಕದ್ದು ಬೇಟೆಯಾಡಿ ಹೊಟ್ಟೆ ಹೊರೆಯುತ್ತಿದ್ದವನು. ಹೆಜ್ಜೆ ಓದುವುದರಲ್ಲಿ ಬೈರನೇ ಗುರು ಅಂತ ಆಂಡರ್ಸನ್ ಒಪ್ಪಿಕೊಂಡಿದ್ದಾನೆ. ಆದರೂ ಲೈಸೆನ್ಸು, ವಿಂಚೆಸ್ಟರ್ರು, ಪುಸ್ತಕ, ಹೆಸರು ಎಲ್ಲ ಒಬ್ಬನ ಪಾಲಿಗೆ; ಕಾಡಿನ ವಿದ್ಯೆ ಇದ್ದವನ ಪಾಲಿಗೆ ಬತ್ತಿ ಹಚ್ಚಿ ಸಿಡಿಸುವ ಹಳೇ ಕೋವಿ, ಮೇಲೆ ಅರಣ್ಯ ಗಾರ್ಡಿನ ಭಯ. ಆಂಡರ್ಸನ್ನನ್ನು ಪ್ರೀತಿಯಿಂದ ಓದುವ ನಾವು ಈ ಲೆಕ್ಕವನ್ನು ಬಿಡಬಾರದು.

ಆತನ ಕತೆಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಒಂದಿದೆ. ನರಭಕ್ಷಕ ಸುಮ್ಮಸುಮ್ಮನೆ ಆಗಲ್ಲ. ಮುಳ್ಳುಹಂದಿಯ ಮುಳ್ಳು ನಾಟಿರುತ್ತೆ, ಇಲ್ಲಾ ಬೆಳೆ ಕಾಯೋನ ನಾಡಕೋವಿಯ ಚರೆಯೋ, ಶೋಕಿಗೆ ಬಂದವನ ಗುರಿ ತಪ್ಪಿದ ಗುಂಡೋ ಕಾಲಲ್ಲೋ ಭುಜದಲ್ಲೋ ಉಳಿದಿರುತ್ತೆ. ಜಿಂಕೆ ಹಿಡಿಯಲಾಗದ ಪ್ರಾಣಿ ಸಿಕ್ಕ ಮನುಷ್ಯನ ಮೇಲೆ ಬೀಳುತ್ತೆ. ಹಾಗಾಗಿ ಗಾಯಗೊಂಡ ಪ್ರಾಣಿಯನ್ನು ಅರ್ಧಕ್ಕೆ ಬಿಟ್ಟು ಬರೋದು ಆತನಿಗೆ ದೊಡ್ಡ ಅಪರಾಧ. ರಕ್ತದ ಜಾಡು ಹಿಡಿದು ಪೊದೆಯೊಳಗೆ ನುಗ್ಗಲೇಬೇಕು.

ಈಗ ಇದನ್ನು ಕಬ್ಬಿನ ಗದ್ದೆಗೆ ತನ್ನಿ. ಆಳೆತ್ತರದ ಕಬ್ಬಿನೊಳಗೆ ನಾಲ್ಕು ಮಾರು ಆಚೆ ಏನೂ ಕಾಣಲ್ಲ, ಅಲ್ಲಿ ದುರ್ಬೀನಿನಿಂದ ಏನು ನೋಡ್ತೀರಿ? ಬಯಲಲ್ಲಿ ಹೊಡೆದರೆ ತಪ್ಪಿದ ಗುಂಡು ಒಂದೆರಡು ಕಿಲೋಮೀಟರ್ ಹಾರಬಲ್ಲದು, ನಮ್ಮಲ್ಲೋ ಅಷ್ಟರಲ್ಲಿ ಇನ್ನೊಂದು ಊರೇ ಸಿಗುತ್ತೆ. ಗಾಯಗೊಂಡ ಚಿರತೆಯ ಹಿಂದೆ ರಾತ್ರಿ ಕಬ್ಬಿಗೆ ನುಗ್ಗೋರು ಯಾರು? ಬೆಳಿಗ್ಗೆ ಅದೇ ಗದ್ದೆಗೆ ಸೋಗೆ ಬಿಡಿಸೋಕೆ, ಕಟಾವಿಗೆ ಇಳಿಯೋದು ಕೂಲಿಯ ಹೆಂಗಸರು, ಗಂಡಸರು. ಕೋವಿ ಕೇಳೋ ಭಾಷಣದಲ್ಲಿ ಅವರ ಹೆಸರು ಬರಲ್ಲ. ಕಾನೂನು ಮನುಷ್ಯನ ಜೀವವನ್ನೇನೂ ಮರೆತಿಲ್ಲ. 1972ರ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಪ್ರಾಣಿಯನ್ನು ಹಿಡಿಯಲಾಗದು, ಅರಿವಳಿಕೆ ಕೊಟ್ಟು ಸಾಗಿಸಲೂ ಆಗದು ಅಂತಾದರೆ ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಆದೇಶ ಕೊಡಬಹುದು. ಬೋನು, ಸಿಬ್ಬಂದಿ, ಪರಿಹಾರ ಬೇಗ ಬರಲಿ ಅಂತ ಜಗಳ ಆಡೋದಾದರೆ ಆಡೋಣ, ನ್ಯಾಯ ಇದೆ.

ವಯಸ್ಸಾದಂತೆ ಆಂಡರ್ಸನ್‌ಗೆ ಕೋವಿಗಿಂತ ಕ್ಯಾಮೆರಾ ಹೆಚ್ಚು ಇಷ್ಟವಾಯಿತು. ತಾನು ಕಂಡ ಕಾಡು ಕಣ್ಣೆದುರೇ ಕರಗುತ್ತಿದೆ ಅಂತ ಬರೆದ. ಬೇಟೆ ನಿಲ್ಲಿಸಿದ ಕಾಯ್ದೆ ಬಂದಾಗ, ಮರುವರ್ಷ ಬಂಡೀಪುರ ಹುಲಿ ಯೋಜನೆಗೆ ಸೇರಿದಾಗ ಇನ್ನೂ ಬದುಕಿದ್ದ. 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. 'ಜಂಗಲ್ಸ್ ಲಾಂಗ್ ಅಗೋ' ಪುಸ್ತಕ ಅಚ್ಚಾಗಿ ಬಂದದ್ದು ಅದಾದ ಮೇಲೆ, 1976ರಲ್ಲಿ.